ನಮ್ಮ ಸಾಹಿತ್ಯದಲ್ಲಿ ಬಿಡುವಿನ ದಿನ

ದುಡಿಮೆಯನ್ನು ಹೇಳುವ ಮಾತುಗಳಿಗೆ ಕನ್ನಡದಲ್ಲಿ ಬಡತನವಿಲ್ಲ. ಗೆಯ್ಮೆ, ಊಳಿಗ, ಕಾಯಕ, ಕಸಬು, ಚಾಕರಿ, ಕೂಲಿ, ಬಿಟ್ಟಿ—ಒಂದೊಂದಕ್ಕೂ ಒಂದೊಂದು ಛಾಯೆಯುಂಟು. ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಅರ್ಥ ಕೆಡುತ್ತದೆ. ದುಡಿಮೆ ನಿಂತ ದಿನವನ್ನು ಹೇಳಲು ಹೊರಟಾಗ ಮಾತ್ರ ನಾವು ತಡವರಿಸುತ್ತೇವೆ. ಮೈಸೂರಿನ ಕಡೆಯವರು 'ರಜ' ಎನ್ನುತ್ತಾರೆ. ಅದು ಅರಬ್ಬಿಯಿಂದ ಪಾರಸಿಯ ಮೂಲಕ ಬಂದ ಮಾತು. ಮೂಲದಲ್ಲಿ ಅದಕ್ಕೆ ಒಪ್ಪಿಗೆ, ಅಪ್ಪಣೆ ಎಂದರ್ಥ. ಧಾರವಾಡದ ಕಡೆಯವರ 'ಸೂಟಿ'ಗೆ ಮರಾಠಿಯ ನಂಟು. 'ಪುರುಸೊತ್ತು' ಕೂಡ ಅರಬ್ಬಿ ಮೂಲದ್ದೇ. ವಿರಾಮ, ವಿಶ್ರಾಂತಿಗಳು ಸಂಸ್ಕೃತದವು. ಅಚ್ಚಗನ್ನಡದ್ದೆಂದು ಥಟ್ಟನೆ ಹೇಳಿಕೊಳ್ಳಲು ಸಿಕ್ಕುವ ಮಾತು 'ಬಿಡುವು'. ಅದಾದರೂ ಎರಡು ಕೆಲಸಗಳ ನಡುವಣ ಸಂದನ್ನು ಹೇಳುತ್ತದೆಯೇ ಹೊರತು ಇಡಿಯ ಒಂದು ದಿನವನ್ನು ಹೇಳುವುದಿಲ್ಲ.

ಇದು ಕೇವಲ ನಿಘಂಟಿನ ಕುತೂಹಲವಲ್ಲ. ರಜವೆಂದರೆ ಅಪ್ಪಣೆ ಎಂಬುದರಲ್ಲಿಯೇ ಒಂದು ಲೋಕವ್ಯವಹಾರ ಅಡಗಿದೆ. ಕೇಳುವುದಕ್ಕೆ ಒಬ್ಬ ಧಣಿ ಇದ್ದವನಿಗೆ ರಜವುಂಟು. ಗುಮಾಸ್ತನಿಗೆ ಉಂಟು, ಸಿಪಾಯಿಗೆ ಉಂಟು, ನನ್ನಂಥ ಮೇಷ್ಟರಿಗಂತೂ ಬೇಕಾದಷ್ಟು ಉಂಟು. ತನ್ನ ಧಣಿ ಯಾರೆಂದು ಬೆರಳು ಮಾಡಿ ತೋರಿಸಲಾರದವರು, ಎಂದರೆ ಮನೆಯೊಳಗೆ ದುಡಿಯುವವರು, ಯಾರನ್ನು ಕೇಳಬೇಕು? ನಮ್ಮ ಧರ್ಮವೂ ಆಚಾರವೂ ದಿನಗಳಿಗೆ ಎಂಥ ಗುಣಗಳನ್ನು ಕೊಟ್ಟವು, ಆ ದಿನಗಳನ್ನು ನಮ್ಮ ಸಾಹಿತ್ಯ ಹೇಗೆ ಕಂಡಿತು, ಎಲ್ಲಿ ಕಾಣದೆ ಹೋಯಿತು—ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಕೆಲವು ಕೃತಿಗಳನ್ನು ನೋಡಿದರೆ, ಪರಿಚಿತವಾದವುಗಳೂ ಬೇರೆಯೇ ಆಗಿ ತೋರುತ್ತವೆ ಎಂಬುದು ನನ್ನ ಅನುಭವ.

ಏಳು ದಿನಗಳ ವಾರ ನಮ್ಮ ದೇಶಕ್ಕೆ ಹೊಸದಲ್ಲ. ಬುಧಗುಪ್ತನ ಕಾಲದ ಎರಣ್ ಶಾಸನ ಕ್ರಿ. ಶ. ೪೮೪ರದು, ಅದರಲ್ಲಿ ಗುರುವಾರದ ಹೆಸರು ಬರುತ್ತದೆ. ಕನ್ನಡ ಶಾಸನಗಳಲ್ಲಿ ಆದಿತ್ಯವಾರ, ಸೋಮವಾರ, ಬೃಹಸ್ಪತಿವಾರಗಳು ಹೆಜ್ಜೆ ಹೆಜ್ಜೆಗೂ ಸಿಕ್ಕುತ್ತವೆ. ಬಹುಮಂದಿ ವಿದ್ವಾಂಸರು ಶನಿವಾರವೆಂದು ತಿಳಿಯುವ 'ವಡ್ಡವಾರ'ವೂ ಸಿಕ್ಕುತ್ತದೆ. ಆದರೆ ಆ ಶಾಸನಗಳು ದಿನವನ್ನು ಅಷ್ಟು ಎಚ್ಚರದಿಂದ ಹೆಸರಿಸುವುದು ಏಕೆ? ದಾನ ಕೊಟ್ಟ ಪುಣ್ಯಕಾಲ ದಾಖಲೆಯಾಗಲಿ ಎಂದು. ಸಂಕ್ರಾಂತಿ, ಗ್ರಹಣ, ವ್ಯತೀಪಾತ—ಇವು ಕೊಡುವುದಕ್ಕೆ ಒಳ್ಳೆಯ ದಿನಗಳು. ಆ ದಿನ ಕೆಲಸ ನಿಲ್ಲಿಸಬೇಕೆಂದು ಅವು ಹೇಳುವುದಿಲ್ಲ. ಹಳ್ಳಿಯವರಿಗಂತೂ ವಾರವೆಂದರೆ ಸಂತೆಯ ಲೆಕ್ಕ. ಕೊಡಗಿನಲ್ಲಿ ಸೋಮವಾರಪೇಟೆ, ಶನಿವಾರಸಂತೆಗಳು ಊರಿನ ಹೆಸರುಗಳೇ ಆಗಿ ನಿಂತಿವೆ. ಸಂತೆಯ ದಿನ ಹೊಲದ ಕೆಲಸ ನಿಂತಿತು ಎನ್ನಬಹುದು. ಆದರೆ ತಲೆಯ ಮೇಲಿನ ಹೊರೆ ಇಳಿಯಿತೆನ್ನಲಾದೀತೆ?

ಹಾಗಾದರೆ ನಮ್ಮಲ್ಲಿ ವಿಶೇಷವಾದ ದಿನ ಯಾವುದು? ಹಬ್ಬ. ಈ ಶಬ್ದ 'ಪರ್ವ'ದ ತದ್ಭವ. ಪರ್ವವೆಂದರೆ ಗೆಣ್ಣು, ಕಬ್ಬಿಗೆ, ಬಿದಿರಿಗೆ ಇರುವಂಥದು. ಕಾಲವೆಂಬ ಜಲ್ಲೆಯಲ್ಲಿ ಒಂದು ಭಾಗ ಮುಗಿದು ಇನ್ನೊಂದು ಹುಟ್ಟುವ ಕಡೆ ಗಂಟು ಬೀಳುತ್ತದೆ; ಅಲ್ಲಿ ಹಬ್ಬ. ತುಂಬ ಸೊಗಸಾದ ಕಲ್ಪನೆ. ಆದರೆ ಕಬ್ಬು ತಿಂದವರಿಗೆಲ್ಲ ಗೊತ್ತಿರುವಂತೆ ಗೆಣ್ಣೇ ಗಟ್ಟಿಯಾದ ಭಾಗ. ಹಬ್ಬದ ದಿನ ಬಿಡುವಿನ ದಿನವಲ್ಲ. ಸುಣ್ಣ ಸಾರಣೆ, ಮಡಿ, ನೈವೇದ್ಯ, ಬಂದವರು ಹೋದವರು ಎಂದು ಕೆಲಸವೆಲ್ಲ ಗಂಟುಕಟ್ಟಿಕೊಂಡು ಬರುವ ದಿನ. ನಮ್ಮ ಕಾವ್ಯಗಳಲ್ಲಿ, ಕಾದಂಬರಿಗಳಲ್ಲಿ ಹಬ್ಬದ ವರ್ಣನೆಗಳು ಹೇರಳವಾಗಿವೆ. ಎಲೆಯ ಮೇಲೆ ಏನೇನು ಬಡಿಸಿದ್ದರು ಎಂಬುದನ್ನು ಅವುಗಳಿಂದ ಪಟ್ಟಿ ಮಾಡಬಹುದು. ಬಡಿಸಿದ ಕೈ ಬೆಳಗಿನ ಎಷ್ಟು ಗಂಟೆಗೆ ಎದ್ದಿತೆಂಬುದನ್ನು ತಿಳಿಯಲು ಮಾತ್ರ ಹುಡುಕಬೇಕಾಗುತ್ತದೆ.

ಓದುಬರಹದವರಿಗೆ ಧರ್ಮಶಾಸ್ತ್ರವೇ ಗೊತ್ತಾದ ಬಿಡುವನ್ನು ಕೊಟ್ಟಿತ್ತು. ಅದಕ್ಕೆ 'ಅನಧ್ಯಯನ'ವೆಂದು ಹೆಸರು. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಇದರ ಉದ್ದನೆಯ ಪಟ್ಟಿಯೇ ಇದೆ: ಅಮಾವಾಸ್ಯೆ, ಹುಣ್ಣಿಮೆ, ಅಷ್ಟಮಿ, ಚತುರ್ದಶಿಗಳಂದು ವೇದವನ್ನು ಓದಬಾರದು, ಗುಡುಗಿದರೆ, ಧೂಳು ಎದ್ದರೆ, ನರಿ ಊಳಿಟ್ಟರೆ ಓದಬಾರದು. ಪಾಡ್ಯವೂ ಓದಿಗೆ ಸಲ್ಲದ ದಿನವೆಂದು ರೂಢಿ. ಈ ರೂಢಿಯಿಂದಲೇ ವಾಲ್ಮೀಕಿಗೆ ಒಂದು ಅಪೂರ್ವವಾದ ಉಪಮೆ ಸಿಕ್ಕಿತು. ಸುಂದರಕಾಂಡದಲ್ಲಿ ಹನುಮಂತನು ಸೀತೆಯ ಕೃಶತೆಯನ್ನು ಬಣ್ಣಿಸುವಾಗ, ಪಾಡ್ಯದ ದಿನವೂ ಪಾಠ ಮಾಡುವವನ ವಿದ್ಯೆಗೆ ಅವಳನ್ನು ಹೋಲಿಸುತ್ತಾನೆ. ಬಿಡುವಿಲ್ಲದ ಓದಿನಿಂದ ವಿದ್ಯೆ ಬೆಳೆಯುವುದಿಲ್ಲ, ಸೊರಗುತ್ತದೆ! ಪರೀಕ್ಷೆಯ ಹಿಂದಿನ ರಾತ್ರಿಯೆಲ್ಲ ಓದುವ ನನ್ನ ವಿದ್ಯಾರ್ಥಿಗಳಿಗೆ ಈ ಉಪಮೆಯನ್ನು ಹೇಳಿದಾಗ ಅವರಿಗೆ ಆಗುವ ಆನಂದವನ್ನು ವಾಚಕರು ಊಹಿಸಿಕೊಳ್ಳಬಹುದು. ನಾನು ಇಲ್ಲಿ ಗಮನಿಸಬೇಕೆನ್ನುವುದು ಬೇರೆ: ಬಿಡುವಿಲ್ಲದೆ ಬಡವಾದುದು ವಿದ್ಯೆ ಎಂದು ಗುರುತಿಸಿದ ಸಂಸ್ಕೃತಿ, ಬಿಡುವಿಲ್ಲದೆ ಬಡವಾದ ಮೈಗೆ ಅದೇ ಬಗೆಯ ಶಾಸ್ತ್ರವನ್ನು ಬರೆಯಲಿಲ್ಲ.

ಶಾಸ್ತ್ರ ಬರೆಯದಿದ್ದುದನ್ನು ಆಚಾರ ಸ್ವಲ್ಪಮಟ್ಟಿಗೆ ತುಂಬಿಕೊಟ್ಟಿತು. ನಮ್ಮ ಎಷ್ಟೋ ಹಳ್ಳಿಗಳಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಶಿವನ ವಾರ, ಎತ್ತು ಬಸವಣ್ಣ. ಕಾರಹುಣ್ಣಿಮೆಯಲ್ಲಿ ಅದರ ಕೊಂಬಿಗೆ ಬಣ್ಣ, ಸಂಕ್ರಾಂತಿಯಲ್ಲಿ ಮೈತೊಳೆದು ಕಿಚ್ಚು ಹಾಯಿಸುವ ಸಂಭ್ರಮ. ಆಯುಧಪೂಜೆಯ ದಿನ ಉಳಿ, ಬಾಚಿ, ನೇಗಿಲು, ತಕ್ಕಡಿಗಳೆಲ್ಲ ಅರಿಸಿನ ಕುಂಕುಮ ಹಚ್ಚಿಕೊಂಡು ಸುಮ್ಮನೆ ಕುಳಿತಿರುತ್ತವೆ. ತುಳುನಾಡಿನ ಕೆಡ್ಡಸ ಇನ್ನೂ ವಿಶೇಷವಾದುದು. ಆ ಮೂರು ದಿನ ಭೂಮಿತಾಯಿ ಮುಟ್ಟಾಗಿದ್ದಾಳೆಂದು ಭಾವಿಸಿ ನೆಲವನ್ನು ಅಗೆಯುವುದಿಲ್ಲ, ಉಳುವುದಿಲ್ಲ, ಹಸಿಯ ಮರ ಕಡಿಯುವುದಿಲ್ಲ. ಕೊನೆಗೆ ಅವಳಿಗೆ ಎಣ್ಣೆ ಎರೆದು ಉಪಚರಿಸುತ್ತಾರೆ. ಪಶುವಿಗೆ, ಮುಟ್ಟಿಗೆ, ಮಣ್ಣಿಗೆ ಬಿಡುವು ಕೊಡಬೇಕೆಂದು ತಿಳಿದ ಜನ ಒರಟು ಜನವಲ್ಲ. ಈ ಆಚಾರಗಳನ್ನು ಮೂಢನಂಬಿಕೆಯೆಂದು ನಗುವವರ ಗುಂಪಿಗೆ ನಾನು ಸೇರಿದವನಲ್ಲ. ಆದರೆ ಭೂಮಿಯನ್ನು ಹೆಂಗಸೆಂದು ತಿಳಿದು ಉಪಚರಿಸಿದ ಕಡೆಯೇ, ಹೆಂಗಸನ್ನು ಆ ಮೂರು ದಿನ ಹೊರಗೆ ಕೂರಿಸಿದರು ಎಂಬುದನ್ನೂ ಮರೆಯಬಾರದು. ಅದನ್ನು ವಿಶ್ರಾಂತಿಯೆಂದು ಸಮರ್ಥಿಸುವವರು ಇದ್ದಾರೆ. ಮುಟ್ಟಬಾರದೆಂದು ಹೇಳಿಸಿಕೊಂಡು ಪಡೆದ ಬಿಡುವು, ಬಿಡುವಿನ ಲೆಕ್ಕಕ್ಕೆ ಸೇರುವುದು ಕಷ್ಟ.

ಹನ್ನೆರಡನೆಯ ಶತಮಾನದ ವಚನಕಾರರ ಕಡೆಗೆ ಬಂದರೆ ದಿನಗಳ ಈ ವ್ಯವಸ್ಥೆಗೇ ದೊಡ್ಡ ಏಟು ಬಿದ್ದುದು ಕಾಣುತ್ತದೆ. ಸೋಮವಾರ, ಸಂಕ್ರಮಣ, ಶಿವರಾತ್ರಿ ಎಂದು ದಿನ ಹಿಡಿದು ಮಾಡುವ ಭಕ್ತಿಯನ್ನು ಅವರು ಹಗುರಾಗಿ ಕಂಡರು. ದಿನ ದೊಡ್ಡದೋ ದೇವರು ದೊಡ್ಡವನೋ ಎಂಬ ಧಾಟಿಯ ಪ್ರಶ್ನೆ ಅವರದು. ಒಳ್ಳೆಯ ದಿನ, ಕೆಟ್ಟ ದಿನ ಎಂಬ ಭೇದ ಅಳಿದುಹೋದರೆ ಉಳಿಯುವುದೇನು? ಎಲ್ಲ ದಿನವೂ ಒಂದೇ. ಎಲ್ಲ ದಿನವೂ ಕಾಯಕದ ದಿನ. ಹಗ್ಗ ಹೊಸೆಯುವ ನುಲಿಯ ಚಂದಯ್ಯ ಹುಲ್ಲು ಕೊಯ್ಯುವಾಗ ಕಳಚಿಬಿದ್ದ ಇಷ್ಟಲಿಂಗವನ್ನೂ ಲೆಕ್ಕಿಸದೆ ಕಾಯಕವನ್ನು ಮುಂದುವರಿಸಿದನೆಂಬ ಕತೆಯಿದೆ. ಅದನ್ನು ಪಾಠ ಹೇಳುವಾಗ ನಮಗೆಲ್ಲ ಮೈ ಉಬ್ಬುತ್ತದೆ. ಆದರೆ ಒಮ್ಮೆ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, "ಸಾರ್, ಹಾಗಾದರೆ ಶರಣರ ಮನೆಯ ಹೆಂಗಸರಿಗೆ ರಜ ಎಂದಿತ್ತು?" ಎಂದು ಕೇಳಿದಳು. ತರಗತಿ ನಕ್ಕಿತು. ಪ್ರಶ್ನೆ ನಗುವಂಥದಾಗಿರಲಿಲ್ಲ.

ಅದಕ್ಕೆ ಉತ್ತರ ಆಯ್ದಕ್ಕಿ ಲಕ್ಕಮ್ಮನಲ್ಲಿ ಇದೆ ಎಂದು ನನಗೆ ತೋರುತ್ತದೆ. ಅವಳ ಗಂಡ ಮಾರಯ್ಯ ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವವನು. ಅವನು ಅನುಭವದ ಮಾತುಕತೆಯಲ್ಲಿ ಮೈಮರೆತು ಕುಳಿತಾಗ, ಕಾಯಕ ನಿಂತಿತೆಂದು ಎಚ್ಚರಿಸಿ ಕಳಿಸಿದವಳು ಲಕ್ಕಮ್ಮ. ಅವನು ದಿನದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಇದು ನಮಗೆ ಬೇಡ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಹಿಂದಿರುಗಿಸಿದವಳೂ ಲಕ್ಕಮ್ಮನೇ. ವಿಮರ್ಶಕರು ಈ ಎರಡು ಪ್ರಸಂಗಗಳನ್ನು ಬೇರೆ ಬೇರೆಯಾಗಿ ಹೊಗಳಿದ್ದಾರೆ: ಮೊದಲನೆಯದು ಕಾಯಕನಿಷ್ಠೆಗೆ, ಎರಡನೆಯದು ನಿರಾಸೆಗೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಏಳು ಎಂದವಳೇ ಸಾಕು ಎಂದೂ ಹೇಳುತ್ತಾಳೆ. ದುಡಿಮೆಗೆ ಒಂದು ಆರಂಭವಿರುವಂತೆ ಒಂದು ಅಂಚೂ ಇದೆ. ಆ ಅಂಚನ್ನು ಗೊತ್ತುಮಾಡುವುದು ಪಂಚಾಂಗವಲ್ಲ, ಆ ದಿನದ ಅಗತ್ಯ. ವಾರಕ್ಕೊಂದು ಬಿಡುವಿನ ದಿನವನ್ನು ವಚನಕಾರರು ಹೇಳಲಿಲ್ಲ, ನಿಜ. ಆದರೆ ಸಾಕು ಎನ್ನುವ ಅಧಿಕಾರವನ್ನು ಅಡಿಗೆ ಮಾಡುವವಳ ಕೈಗೆ ಕೊಟ್ಟರು. ಬಿಡುವಿನ ಮೂಲ ಇಲ್ಲಿಯೇ ಇದೆಯಲ್ಲವೇ?

ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ೨೦೨೩ರಲ್ಲಿ ಬೆಂಗಳೂರಿನ ಪ್ರಸಿದ್ಧ ಉದ್ಯಮಿಯೊಬ್ಬರು ನಮ್ಮ ತರುಣರು ವಾರಕ್ಕೆ ೭೦ ಗಂಟೆ ದುಡಿಯಬೇಕೆಂದು ಹೇಳಿ ದೇಶದಲ್ಲೆಲ್ಲ ಚರ್ಚೆ ಎಬ್ಬಿಸಿದರು. ಇಂಥ ಚರ್ಚೆ ಎದ್ದಾಗ ಕಾಯಕದ ಹೆಸರನ್ನು ಮುಂದೆ ಹಿಡಿದು ಬಿಡುವನ್ನು ಸೋಮಾರಿತನವೆಂದು ತಳ್ಳಿಹಾಕುವುದು ಸುಲಭ. ಮಾರಯ್ಯನನ್ನು ನೆನೆದು ಲಕ್ಕಮ್ಮನನ್ನು ಮರೆಯುವವರು ಕಾಯಕದ ಅರ್ಧವನ್ನಷ್ಟೇ ಓದಿದವರು.

ಹರಿದಾಸರ ಪರಂಪರೆಯಲ್ಲಿ ಏಕಾದಶಿಗೆ ಹಿರಿಯ ಸ್ಥಾನ. ಹದಿನೈದು ದಿನಕ್ಕೊಮ್ಮೆ ಉಪವಾಸ. ನಿಷ್ಠೆಯಿಂದ ಆಚರಿಸುವ ಮನೆಯಲ್ಲಿ ಒಲೆಗೂ ಬಿಡುವು. ಹಗಲು ನಾಮಸ್ಮರಣೆ, ರಾತ್ರಿ ಜಾಗರಣೆ. ಹೊಟ್ಟೆಯ ಚಾಕರಿಯಿಂದ ಮನಸ್ಸಿಗೆ ಒಂದು ದಿನ ಬಿಡುಗಡೆ ಕೊಡುವ ಈ ಕಲ್ಪನೆ ಉದಾತ್ತವಾದುದೇ ಸರಿ. ಆದರೆ ಮರುದಿನ ದ್ವಾದಶಿ. ಬೆಳಗಿನ ಜಾವದಲ್ಲೇ ಪಾರಣೆಯಾಗಬೇಕಾದರೆ, ನಿರಾಹಾರವಾಗಿದ್ದವಳೇ ಎಲ್ಲರಿಗಿಂತ ಮೊದಲು ಎದ್ದು ಮಡಿಯುಟ್ಟು ಒಲೆ ಹೊತ್ತಿಸಬೇಕು. ಏಕಾದಶಿಯಂದು ಉಳಿದ ಕೆಲಸ ದ್ವಾದಶಿಯಂದು ಬಡ್ಡಿಯೊಡನೆ ಬಂದಿತು. ವಿಧವೆಯರ ಪಾಲಿಗಂತೂ ಆ ವ್ರತ ಆಯ್ಕೆಯಾಗಿರಲಿಲ್ಲ, ಕಟ್ಟಳೆಯಾಗಿತ್ತು.

ಹಾಗೆಂದು ಹೆಣ್ಣಿನ ಬಿಡುವನ್ನು ನಮ್ಮ ಸಾಹಿತ್ಯ ಕಂಡೇ ಇಲ್ಲವೆನ್ನುವಂತಿಲ್ಲ. ಕಂಡುದು ಬಾಯಿಮಾತಿನ ಸಾಹಿತ್ಯ. ಹಲಸಂಗಿಯ ಗೆಳೆಯರು ೧೯೩೧ರಲ್ಲಿ 'ಗರತಿಯ ಹಾಡು' ಸಂಕಲನವನ್ನು ಹೊರತಂದಾಗ ವಿದ್ಯಾವಂತರು ಬೆರಗಾದರು. ಆ ತ್ರಿಪದಿಗಳ ಹಿಂದೆ ಬೀಸುಕಲ್ಲಿನ ಸದ್ದಿದೆ. ಕೋಳಿ ಕೂಗುವ ಮುಂಚೆ ಎದ್ದು, ಮನೆಯವರೆಲ್ಲ ಮಲಗಿರುವಾಗ ಜೋಳ ಬೀಸುವ ಹೆಣ್ಣು ಹಾಡಿಕೊಂಡ ಹಾಡುಗಳವು. ಕೆಲಸಕ್ಕೆ ಬಿಡುವಿಲ್ಲವಾದ್ದರಿಂದ ಕೆಲಸದ ಒಳಗೇ ಬಿಡುವನ್ನು ಹುಟ್ಟಿಸಿಕೊಂಡ ಜಾಣ್ಮೆ ಅದು. ಇನ್ನು ಉತ್ತರ ಕರ್ನಾಟಕದ ಪಂಚಮಿಯ ಹಾಡುಗಳು. ನಾಗರಪಂಚಮಿಗೆ ಅಣ್ಣ ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಅಲ್ಲಿ ಉಂಡಿ, ಜೋಕಾಲಿ, ಗೆಳತಿಯರು. ಹಬ್ಬ ಹತ್ತಿರ ಬಂದರೂ ಅಣ್ಣ ಬಾರದಿದ್ದರೆ ಹುಟ್ಟುವ ಆತಂಕವನ್ನು ಭಾವಗೀತೆಯ ಕೋಮಲತೆಯೆಂದು ಮೆಚ್ಚುವುದು ನಮ್ಮ ವಾಡಿಕೆ. ಸ್ವಲ್ಪ ಕಿವಿಗೊಟ್ಟು ಕೇಳಿದರೆ ಅದು ರಜದ ಅರ್ಜಿ. ವರುಷಕ್ಕೊಮ್ಮೆ ಬರುವ ಬಿಡುವು. ಅದರ ಅಪ್ಪಣೆ ಅತ್ತೆಯದು, ಅದರ ಗಾಡಿ ಅಣ್ಣನದು. ಇವರಿಬ್ಬರಲ್ಲಿ ಯಾರು ತಪ್ಪಿದರೂ ಆ ವರ್ಷ ಅವಳಿಗೆ ಬಿಡುವಿಲ್ಲ.

ನಾವು ಇಂದು ಎಲ್ಲರ ರಜವೆಂದು ತಿಳಿದಿರುವ ಭಾನುವಾರ ಬೇರೆ ದಾರಿಯಲ್ಲಿ ಬಂದುದು. ಅದರ ಹಿಂದೆ ಯೆಹೂದ್ಯರ ಸಬ್ಬತ್ ಇದೆ. ಬೈಬಲ್ಲಿನ ವಿಮೋಚನಕಾಂಡದ ಇಪ್ಪತ್ತನೆಯ ಅಧ್ಯಾಯ ಏಳನೆಯ ದಿನ ಯಾರು ಯಾರು ದುಡಿಯಬಾರದೆಂದು ಹೆಸರಿಸುತ್ತದೆ: ನೀನು, ಮಗ, ಮಗಳು, ಆಳು, ದಾಸಿ, ಪಶು, ಊರಿನಲ್ಲಿರುವ ಪರದೇಶಿ. ದಾಸಿಯನ್ನೂ ಪಶುವನ್ನೂ ನೆನೆದ ಆ ಪಟ್ಟಿಯಲ್ಲಿ ಹೆಂಡತಿಯ ಹೆಸರಿಲ್ಲ. 'ನೀನು' ಎಂಬುದರಲ್ಲಿ ಅವಳೂ ಸೇರಿದ್ದಾಳೆಂದು ವ್ಯಾಖ್ಯಾನಿಸುವುದುಂಟು. ಅಲ್ಲದೆ ಆ ದಿನ ಬೆಂಕಿ ಹೊತ್ತಿಸಬಾರದೆಂಬ ವಿಧಿಯೂ ಇರುವುದರಿಂದ ಒಲೆಗೆ ಬಿಡುವು ಸಿಕ್ಕಿತೆನ್ನಬೇಕು. ಕ್ರೈಸ್ತರು ಭಾನುವಾರವನ್ನು ಹಿಡಿದರು. ೩೨೧ರಲ್ಲಿ ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ಕಾನೂನು ಮಾಡಿದ. ನಗರದವರೂ ಕಸಬಿನವರೂ ಅಂದು ಕೆಲಸ ಬಿಡಬೇಕೆಂದ ಆ ಕಾನೂನು ರೈತರು ಉಳಬಹುದೆಂದಿತು. ಇಸ್ಲಾಮಿನ ಶುಕ್ರವಾರದ ಭಾವನೆಯೇ ಬೇರೆ: ಪ್ರಾರ್ಥನೆಯ ಕರೆ ಬಂದಾಗ ವ್ಯಾಪಾರ ಬಿಟ್ಟು ಬನ್ನಿ, ಮುಗಿದ ಮೇಲೆ ಹೋಗಿ ದುಡಿದುಕೊಳ್ಳಿ ಎನ್ನುತ್ತದೆ ಕುರಾನು. ಒಂದೊಂದು ಧರ್ಮವೂ ದುಡಿಮೆಯ ನಡುವೆ ಒಂದು ಗೆರೆ ಎಳೆದಿದೆ. ಆ ಗೆರೆ ಯಾರ ಬಳಿ ನಿಂತಿತು ಎಂಬುದರಲ್ಲಿ ಮಾತ್ರ ವ್ಯತ್ಯಾಸ.

ಭಾನುವಾರವನ್ನು ನಮ್ಮವರು ಆಳುವವರಿಂದ ಸುಮ್ಮನೆ ಪಡೆದರೆಂದು ತಿಳಿಯಬಾರದು. ಸರಕಾರದ ಕಚೇರಿಗೆ ಅದು ಆಳರಸರ ಧರ್ಮದೊಡನೆ ಬಂದಿತು. ಗಿರಣಿಯ ಕೆಲಸಗಾರನಿಗೆ ಹೋರಾಟದಿಂದ ಬಂದಿತು. ಜೋತಿರಾವ್ ಫುಲೆಯವರ ಸಂಗಾತಿಯೂ 'ದೀನಬಂಧು' ಪತ್ರಿಕೆಯ ಸಂಪಾದಕರೂ ಆಗಿದ್ದ ನಾರಾಯಣ ಮೇಘಾಜಿ ಲೋಖಂಡೆಯವರು ೧೮೮೪ರಿಂದ ಮುಂಬಯಿಯ ಗಿರಣಿ ಕಾರ್ಮಿಕರನ್ನು ಕೂಡಿಸಿ ವಾರಕ್ಕೊಂದು ದಿನದ ರಜವನ್ನು ಕೇಳಿದರು. ೧೮೯೦ರ ಜೂನಿನಲ್ಲಿ ಗಿರಣಿಯ ಮಾಲಿಕರು ಒಪ್ಪಿದರು. ಭಾನುವಾರ ಖಂಡೋಬನ ದಿನವೆಂಬುದನ್ನೂ ಲೋಖಂಡೆ ವಾದವಾಗಿ ಮುಂದಿಟ್ಟರೆಂದು ಹೇಳುತ್ತಾರೆ. ಆ ಖಂಡೋಬ ಬೇರೆ ಯಾರೂ ಅಲ್ಲ, ನಮ್ಮ ಮೈಲಾರಲಿಂಗನೇ. ಇಂಗ್ಲಿಷರ ಭಾನುವಾರಕ್ಕೆ ಗೊರವರ ದೇವರ ಭಾನುವಾರ ಬೆಂಬಲಕ್ಕೆ ನಿಂತಿತು! ಮುಂದೆ ೧೯೪೮ರ ಕಾರ್ಖಾನೆ ಕಾಯಿದೆ ವಾರಕ್ಕೆ ೪೮ ಗಂಟೆಗಳ ಮಿತಿಯನ್ನೂ ವಾರದ ರಜವನ್ನೂ ಗೊತ್ತುಮಾಡಿತು. ನಮ್ಮ ರಾಜ್ಯದ ೧೯೬೧ರ ಕಾಯಿದೆ ಅಂಗಡಿ ಹೋಟೆಲುಗಳ ನೌಕರರಿಗೂ ವಾರದ ರಜವನ್ನು ತಂದಿತು. ಪಂಚಾಂಗ ಕೊಡದಿದ್ದುದನ್ನು ಕಾಯಿದೆ ಕೊಟ್ಟಿತು. ಆದರೆ ಕಾಯಿದೆ ಕಾರ್ಖಾನೆಯ ಬಾಗಿಲವರೆಗೆ, ಅಂಗಡಿಯ ಬಾಗಿಲವರೆಗೆ ಬಂದಿತೇ ಹೊರತು ಮನೆಯ ಹೊಸಲು ದಾಟಲಿಲ್ಲ.

ಹೊಸಗನ್ನಡ ಸಾಹಿತ್ಯ ಈ ಭಾನುವಾರಕ್ಕೆ ಋಣಿ. ನವೋದಯದ ಬರಹಗಾರರಲ್ಲಿ ಬಹುಮಂದಿ ಅಧ್ಯಾಪಕರು, ಅಧಿಕಾರಿಗಳು, ಗುಮಾಸ್ತರು. ಮಾಸ್ತಿಯವರು ಸರಕಾರದ ಹುದ್ದೆಯಲ್ಲಿದ್ದುಕೊಂಡೇ ಕತೆಗಳನ್ನು ಬರೆದರು. ಎ. ಎನ್. ಮೂರ್ತಿರಾಯರು ಕಾಲೇಜಿನಲ್ಲಿ ಪಾಠ ಹೇಳುತ್ತಲೇ ಲಲಿತ ಪ್ರಬಂಧಕ್ಕೆ ಒಂದು ಹದ ತಂದುಕೊಟ್ಟರು. ಅವರ 'ಹಗಲುಗನಸುಗಳು' ಬಂದುದು ೧೯೩೭ರಲ್ಲಿ. ಲಲಿತ ಪ್ರಬಂಧವೆಂಬುದೇ ಬಿಡುವಿನ ಕೂಸು: ಆರಾಮಕುರ್ಚಿ, ಕಾಫಿ, ಸುಮ್ಮನೆ ಹರಿಯುವ ಮನಸ್ಸು. ದಿನಪತ್ರಿಕೆಗಳ ವಾರದ ಪುರವಣಿಗಳು ಹುಟ್ಟಿದುದೂ ಆ ಬಿಡುವನ್ನು ನಂಬಿಯೇ. ಈ ಬರಹಗಳ ಚೆಲುವನ್ನು ನಾನು ಅಲ್ಲಗಳೆಯುವುದಿಲ್ಲ. ಅವನ್ನು ಓದಿ ಬೆಳೆದವನು ನಾನು. ಆದರೆ ಆ ಪ್ರಬಂಧಲೋಕದಲ್ಲಿ ಕಾಫಿ ಸಾಮಾನ್ಯವಾಗಿ ತಾನಾಗಿಯೇ ಬರುತ್ತದೆ. ತಂದಿಟ್ಟವಳ ಬಗೆಗೆ ಒಂದು ನಗೆಮಾತು ಇರಬಹುದು. ಅವಳ ಭಾನುವಾರದ ಬಗೆಗೆ ಮಾತಿಲ್ಲ. ಗಂಡನಿಗೂ ಮಕ್ಕಳಿಗೂ ರಜವಾದ್ದರಿಂದ ಅಂದು ಎಣ್ಣೆನೀರು, ದೋಸೆ, ವಾರದ ಬಟ್ಟೆ, ನೆಂಟರು. ಹಬ್ಬ ತಿಂಗಳಿಗೊಮ್ಮೆ ತರುತ್ತಿದ್ದ ಗಂಟನ್ನು ಭಾನುವಾರ ವಾರಕ್ಕೊಮ್ಮೆ ತಂದಿತು. ನಮ್ಮ ಮನೆಯಲ್ಲಿ ನನ್ನ ತಾಯಿ ಶನಿವಾರ ಸಂಜೆ ಅಕ್ಕಿ ನೆನೆಹಾಕುತ್ತಿದ್ದುದರಿಂದಲೇ ನಾಳೆ ಭಾನುವಾರವೆಂದು ನಮಗೆ ತಿಳಿಯುತ್ತಿತ್ತು.

ಇದನ್ನು ಕಣ್ಣುಬಿಟ್ಟು ನೋಡಿದವರು ಕಾರಂತರು. 'ಮರಳಿ ಮಣ್ಣಿಗೆ' ಕಾದಂಬರಿಯ ಮೂರು ತಲೆಮಾರುಗಳ ಕತೆಯ ಬಗೆಗೆ ಬೇಕಾದಷ್ಟು ವಿಮರ್ಶೆ ಬಂದಿದೆ. ನನ್ನ ಪ್ರಶ್ನೆಯ ದೃಷ್ಟಿಯಿಂದ ಅದರ ಮೊದಲ ಭಾಗ ಮುಖ್ಯವಾದುದು. ರಾಮ ಐತಾಳರು ಪೌರೋಹಿತ್ಯದವರು. ದಿನಗಳೇ ಅವರ ಕಸಬು: ಯಾವ ತಿಥಿಗೆ ಯಾವ ಮನೆ, ಯಾವ ಹಬ್ಬಕ್ಕೆ ಯಾವ ಊಟ. ಅವರು ಊಟಕ್ಕೆ ಊರೂರು ತಿರುಗುತ್ತಿದ್ದರೆ, ಮನೆಯಲ್ಲಿ ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ ಗದ್ದೆಗೂ ಹಟ್ಟಿಗೂ ಒಲೆಗೂ ಮೈ ಸವೆಸುತ್ತಾರೆ. ಪಂಚಾಂಗ ಬಲ್ಲವನಿಗೆ ವರ್ಷವೆಲ್ಲ ಹಬ್ಬ. ಪಂಚಾಂಗದ ಮನೆಯ ಹೆಂಗಸರಿಗೆ ದಿನಗಳೇ ಇಲ್ಲ. ಕಾರಂತರು ಇದನ್ನು ಉದ್ವೇಗದಿಂದ ಹೇಳುವುದಿಲ್ಲ, ಆರೋಪಿಸುವುದಿಲ್ಲ. ಕೆಲಸಗಳನ್ನು ಒಂದೊಂದಾಗಿ ಹೇಳಿಕೊಂಡು ಹೋಗುತ್ತಾರೆ. ಆ ನಿರುದ್ವೇಗವೇ ಕಾದಂಬರಿಯ ಬಲ. 'ಚೋಮನ ದುಡಿ'ಯಲ್ಲಿ ಜೀತದ ಚೋಮನಿಗೆ ವಾರವೂ ಇಲ್ಲ, ತಿಥಿಯೂ ಇಲ್ಲ. ಧಣಿಯ ಕೆಲಸ ಮುಗಿದ ಮೇಲೆ ಕೈಗೆತ್ತಿಕೊಳ್ಳುವ ದುಡಿಯೊಂದಿದೆ. ಬೀಸುಕಲ್ಲಿನ ಹೆಣ್ಣಿಗೆ ಹಾಡು ಹೇಗೋ ಚೋಮನಿಗೆ ದುಡಿ ಹಾಗೆ. ಅಪ್ಪಣೆ ಬೇಡದ ಬಿಡುವು ಅದೊಂದೇ. ಆ ಕಾದಂಬರಿಯನ್ನು ಭೂಮಿಯ ಹಸಿವಿನ ಕತೆಯೆಂದು ಓದುವುದು ಸರಿಯೇ. ಬಿಡುವಿನ ಹಸಿವಿನ ಕತೆಯೆಂದೂ ಓದಬೇಕು.

ಈಚೆಗೆ ವೈದೇಹಿಯವರ ಕತೆಗಳಲ್ಲಿ ಅಡಿಗೆಮನೆ ಕತೆಯ ಹಿನ್ನೆಲೆಯಾಗಿ ಉಳಿಯದೆ ಕತೆಯ ಕಣ್ಣೇ ಆಗಿದೆ. ಹಬ್ಬವನ್ನು, ನೆಂಟರನ್ನು, ರಜೆಗೆ ಬಂದ ಮಕ್ಕಳನ್ನು ಒಳಗಿನಿಂದ ನೋಡಿದರೆ ಹೇಗೆ ಕಾಣುತ್ತದೆಂಬುದು ಅಲ್ಲಿ ತಿಳಿಯುತ್ತದೆ. ಲೋಕದಲ್ಲಿಯೂ ಕೆಲವು ಬದಲಾವಣೆಗಳಾಗಿವೆ. ೨೦೧೫ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೆಯ, ನಾಲ್ಕನೆಯ ಶನಿವಾರಗಳೂ ರಜ. ೨೦೨೫ರಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತವಾದ ಮುಟ್ಟಿನ ರಜೆಗೆ ಒಪ್ಪಿಗೆ ಕೊ‌ಟ್ಟಿತು. ಹೊರಗೆ ಕೂರಿಸಿದ ಮೂರು ದಿನಗಳಿಗೂ ಹಕ್ಕಾಗಿ ಪಡೆದ ಈ ಒಂದು ದಿನಕ್ಕೂ ಇರುವ ಅಂತರವನ್ನು ಮುಂದಿನ ಕತೆಗಾರ್ತಿಯರು ಬರೆಯಬೇಕು. ಆದರೆ ಕಚೇರಿಯಿಂದ ರಜ ಪಡೆದವಳಿಗೆ ಅಂದು ಅಡಿಗೆಮನೆಯಿಂದ ರಜ ಸಿಕ್ಕಿತೇ ಎಂಬ ಪ್ರಶ್ನೆ ಹಾಗೆಯೇ ಇದೆ.

ನನ್ನ ಮಾತಿಗೆ ಒಂದು ಆಕ್ಷೇಪಣೆ ಬರಬಹುದು. ಹಬ್ಬದ ದುಡಿಮೆಯಲ್ಲಿ ಒಂದು ಸಂತೋಷವಿದೆ. ಹೋಳಿಗೆ ಮಾಡಿ ಬಡಿಸಿದವಳ ಮುಖದ ಕಳೆಯನ್ನು ಗಂಟೆಯ ಲೆಕ್ಕದಿಂದ ಅಳೆಯುವುದು ರಸಹೀನತೆ. ಏನೂ ಮಾಡದೆ ಮೊಬೈಲು ನೋಡುತ್ತ ಕಳೆದ ಭಾನುವಾರಕ್ಕಿಂತ ಮೈದಣಿದ ಯುಗಾದಿ ಮೇಲು—ಎಂದು. ಈ ಮಾತಿನಲ್ಲಿ ಸತ್ಯವಿದೆ. ಹಬ್ಬ ಮನೆಯನ್ನೂ ಊರನ್ನೂ ಒಂದು ಮಾಡುವಂತೆ ಕಾಯಿದೆಯ ರಜ ಮಾಡಲಾರದು. ಆದರೆ ಆ ಸಂತೋಷದ ಸಾಕ್ಷಿ ಹೇಳುವವರು ಯಾರೆಂಬುದನ್ನು ವಿಮರ್ಶಕ ಕೇಳಲೇಬೇಕು. ಉಂಡವನು ಬಡಿಸಿದವಳ ಸಂತೋಷಕ್ಕೆ ಸಾಕ್ಷಿ ನುಡಿದರೆ ಅದು ಅರೆಸಾಕ್ಷಿ. ಬಡಿಸಿದವಳೇ ನುಡಿದಾಗ, ಅದು ತ್ರಿಪದಿಯಲ್ಲಿರಲಿ, ವಚನದಲ್ಲಿರಲಿ, ಹೊಸ ಕತೆಯಲ್ಲಿರಲಿ, ಸಂತೋಷದೊಡನೆ ದಣಿವೂ ಕೇಳಿಸುತ್ತದೆ. ಎರಡೂ ಕೇಳಿಸುವ ಬರಹವೇ ಹೆಚ್ಚು ನಿಜವಾದುದು, ಆದುದರಿಂದ ಹೆಚ್ಚು ರಸವತ್ತಾದುದೂ ಹೌದು.

ಒಂದು ಕೃತಿಯನ್ನು ಅಳೆಯಲು ಅಲಂಕಾರ, ಧ್ವನಿ, ಔಚಿತ್ಯ ಮೊದಲಾದ ಅಳತೆಗೋಲುಗಳು ನಮ್ಮಲ್ಲಿವೆ. ಅವುಗಳ ಪಕ್ಕದಲ್ಲಿ ಈ ಚಿಕ್ಕ ಪ್ರಶ್ನೆಯನ್ನೂ ಇಟ್ಟುಕೊಳ್ಳಬಹುದೆಂದು ನಾನು ಸೂಚಿಸುತ್ತೇನೆ: ಈ ಕತೆಯಲ್ಲಿ ಹಬ್ಬವಾದ ದಿನ, ರಜವಾದ ದಿನ, ಕುಳಿತವರು ಯಾರು, ನಿಂತೇ ಇದ್ದವರು ಯಾರು? ಬರೆದವರಿಗೆ ನಿಂತವರು ಕಂಡಿದ್ದಾರೆಯೇ? ಸೋಮವಾರ ಎತ್ತಿನ ಹೆಗಲಿನಿಂದ ನೊಗ ಇಳಿಸಬೇಕೆಂದು ತಿಳಿದ ಆಚಾರ ನಮ್ಮದು. ಅದರಲ್ಲಿರುವ ಕರುಣೆ ದೊಡ್ಡದು. ಅದನ್ನು ಹಟ್ಟಿಯಿಂದ ಅಡಿಗೆಮನೆಯವರೆಗೆ ನಡೆಸಿಕೊಂಡು ಬರುವ ಕೆಲಸ ಶಾಸ್ತ್ರದಿಂದ ಆಗಲಿಲ್ಲ, ಕಾಯಿದೆಯಿಂದ ಇನ್ನೂ ಆಗಿಲ್ಲ. ಲಕ್ಕಮ್ಮ ಆಡಿದ 'ಸಾಕು' ಎಂಬ ಮಾತಿಗೆ ಎಂಟುನೂರು ವರ್ಷಗಳು ಮೀರಿದವು. ಆ ಮಾತನ್ನು ಆಡಲು ಬೇಕಾದ ಅಧಿಕಾರ ಒಂದೊಂದು ಮನೆಯಲ್ಲಿಯೂ ಯಾರ ಕೈಯಲ್ಲಿದೆ ಎಂಬುದನ್ನು ಬರೆದು ತೋರಿಸುವುದು ನಮ್ಮ ಕತೆಗಾರರಿಗೆ ಉಳಿದ ಕೆಲಸ. ಬರೆದುದನ್ನು ಗುರುತಿಸುವುದು ವಿಮರ್ಶಕರಿಗೆ ಉಳಿದ ಕೆಲಸ.